ದಿನಕ್ಕೊಂದು ತತ್ತಿ ತಿಂದರೆ ರಕ್ತಪರೀಕ್ಷೆಯಲ್ಲಿ ಏನು ಕಾಣುತ್ತದೆ?

ಬೋಧನಾಭ್ಯಾಸಕ್ಕೆ ನನಗೆ ನವಲಗುಂದ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆ ಸಿಕ್ಕಿತ್ತು. 10ನೇ ತರಗತಿಗೆ ‘ಜೀವಕ್ರಿಯೆಗಳು’ ಘಟಕದಲ್ಲಿ ರಕ್ತಪರಿಚಲನೆಯ ಪಾಠ ಮಾಡುತ್ತಿದ್ದೆ. ಅಪಧಮನಿ, ಅಭಿಧಮನಿ, ಲೋಮನಾಳಗಳ ಚಿತ್ರ ಬರೆದು ಮುಗಿಸುವಷ್ಟರಲ್ಲಿ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು.

“ಟೀಚರ್, ನಮ್ಮ ಅಜ್ಜಗ ಹಾರ್ಟ್ ಅಟ್ಯಾಕ್ ಆದ ಮ್ಯಾಲೆ ಡಾಕ್ಟರ್ ತತ್ತಿ ತಿನಬ್ಯಾಡ ಅಂದಾರ್ರಿ. ಮತ್ತ ಸಾಲ್ಯಾಗ ನಮಗ ಯಾಕ ದಿನಾ ಕೊಡ್ತಾರ್ರಿ?”

ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ತತ್ತಿಯ ಹಳದಿ ಭಾಗದಲ್ಲಿ ಕೊಲೆಸ್ಟರಾಲ್ ಇರುತ್ತದೆ, ಅದು ರಕ್ತನಾಳದ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ಮಿತವಾಗಿ ತಿನ್ನಬೇಕು ಎಂದುಬಿಟ್ಟೆ. ಕೊಳಾಯಿಯೊಳಗೆ ಹಳದಿ ಸೀಮೆಸುಣ್ಣ ಮೆತ್ತಿದಂತೆ ಚಿತ್ರವನ್ನೂ ಬರೆದೆ. ಮರುದಿನ ಬಿಸಿಯೂಟದ ಅಡುಗೆಯವರು ನನ್ನನ್ನು ಕರೆದು, “ಏನ್ ಹೇಳೀರಿ ಟೀಚರ್ ಹುಡುಗರಿಗೆ? ಇವತ್ತ ತತ್ತಿ ಉಳದಾವ ನೋಡ್ರಿ” ಎಂದರು. ನಾಲ್ಕೈದು ಮಕ್ಕಳು ಬಾಳೆಹಣ್ಣಿನ ಸಾಲಿಗೆ ಹೋಗಿದ್ದರು. ಇಬ್ಬರು ಬಿಳಿ ತಿಂದು ಹಳದಿಯನ್ನು ತಟ್ಟೆಯ ಅಂಚಿಗೆ ಸರಿಸಿದ್ದರು. ವಿಟಮಿನ್ ಎ, ಡಿ, ಬಿ12 ಮುಖ್ಯವಾಗಿ ಇರುವುದು ಆ ಹಳದಿಯಲ್ಲೇ. ನನ್ನ ಎರಡು ನಿಮಿಷದ ಉತ್ತರ ಮಕ್ಕಳ ತಟ್ಟೆಯವರೆಗೆ ತಲುಪಿತ್ತು. ಮಾರ್ಗದರ್ಶಿ ಶಿಕ್ಷಕರು ಬೈಯಲಿಲ್ಲ. “ಹಂಗಾದ್ರ ಅದು ಹೆಂಗ ಗೊತ್ತಾತು ಅಂತ ಹುಡುಗರು ಕೇಳಿದ್ರ ಏನ್ ಹೇಳ್ತೀರಿ?” ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕಿ ಮತ್ತೆ ಎರಡು ಅವಧಿ ಪಾಠ ಮಾಡಿದೆ. ಇದೇ ಪ್ರಶ್ನೆ ಕುಂದಗೋಳದಲ್ಲಾಗಲಿ ಕಲಘಟಗಿಯಲ್ಲಾಗಲಿ ನಿಮ್ಮ ತರಗತಿಯಲ್ಲೂ ಏಳಬಹುದೆಂದು ಆ ವಿವರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆಯ ವಿಷಯ. ಲಿಪಿಡ್ ಪ್ರೊಫೈಲ್ ಎಂಬ ಪರೀಕ್ಷೆಗೆ ಮೊಣಕೈ ಒಳಭಾಗದ ಅಭಿಧಮನಿಯಿಂದ ಕೆಲವು ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಯಂತ್ರದಲ್ಲಿ ಗರಗರ ತಿರುಗಿಸಿದಾಗ ರಕ್ತಕಣಗಳು ಕೆಳಗೆ ಕೂತು, ತಿಳಿಹಳದಿ ಸೀರಂ ಮೇಲೆ ಉಳಿಯುತ್ತದೆ. ಸೀರಂಗೆ ಕಿಣ್ವಗಳನ್ನು ಬೆರೆಸುತ್ತಾರೆ. ಕೊಲೆಸ್ಟರಾಲ್ ಆಕ್ಸಿಡೇಸ್ ಎಂಬ ಕಿಣ್ವ ಕೊಲೆಸ್ಟರಾಲ್ ಮೇಲೆ ವರ್ತಿಸಿದಾಗ ಹೈಡ್ರೋಜನ್ ಪೆರಾಕ್ಸೈಡ್ ಬಿಡುಗಡೆಯಾಗುತ್ತದೆ. ಇನ್ನೊಂದು ಕಿಣ್ವ ಅದನ್ನು ಬಳಸಿ ಕೆಂಪು ಛಾಯೆಯ ಬಣ್ಣ ಉಂಟುಮಾಡುತ್ತದೆ. ಕೊಲೆಸ್ಟರಾಲ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಅದರೊಳಗೆ ಬೆಳಕು ಹಾಯಿಸಿ, ಎಷ್ಟು ಬೆಳಕು ಹೀರಿಕೆಯಾಯಿತು ಎಂಬುದರಿಂದ ಸಂಖ್ಯೆ ತೆಗೆಯುತ್ತಾರೆ. ಬಿಎಸ್ಸಿಯಲ್ಲಿ ಬಿಯರ್–ಲ್ಯಾಂಬರ್ಟ್ ನಿಯಮ ಓದಿದವರಿಗೆ ಇದು ಹಳೆಯ ಪರಿಚಯ. ಪರೀಕ್ಷೆಗೆ ಓದಿ ಮರೆತಿದ್ದ ನನಗೆ ಆ ನಿಯಮದ ಉಪಯೋಗ ತಿಳಿದದ್ದು ಈಗಲೇ.

ವರದಿಯಲ್ಲಿ ಒಟ್ಟು ಕೊಲೆಸ್ಟರಾಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್, ಎಲ್‌ಡಿಎಲ್ ಎಂಬ ಅಂಕಿಗಳಿರುತ್ತವೆ. ಕೊಲೆಸ್ಟರಾಲ್ ನೀರಿನಲ್ಲಿ ಕರಗುವುದಿಲ್ಲ. ರಕ್ತದಲ್ಲಿ ಸಾಗಲು ಅದಕ್ಕೆ ಪ್ರೋಟೀನಿನ ವಾಹನ ಬೇಕು. ಎಲ್‌ಡಿಎಲ್ ವಾಹನ ಅದನ್ನು ಯಕೃತ್ತಿನಿಂದ ಜೀವಕೋಶಗಳ ಕಡೆಗೆ ಒಯ್ಯುತ್ತದೆ, ಹೆಚ್ಚಾದರೆ ಅಪಧಮನಿಯ ಗೋಡೆಯೊಳಗೆ ಸೇರುತ್ತದೆ. ಎಚ್‌ಡಿಎಲ್ ಮರಳಿ ಯಕೃತ್ತಿನ ಕಡೆಗೆ ತರುತ್ತದೆ. ಎಲ್‌ಡಿಎಲ್ ಅನ್ನು ಹಲವು ಪ್ರಯೋಗಾಲಯಗಳಲ್ಲಿ ನೇರವಾಗಿ ಅಳೆಯುವುದೇ ಇಲ್ಲ, ಲೆಕ್ಕ ಹಾಕುತ್ತಾರೆ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಸರಳ: ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ. ಒಟ್ಟು 198, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 160 ಇದ್ದರೆ ಎಲ್‌ಡಿಎಲ್ 124. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಉಪಯೋಗಕ್ಕೆ ಬಾರದು. ಊಟದ ನಂತರ ಟ್ರೈಗ್ಲಿಸರೈಡ್ ಏರುವುದರಿಂದಲೇ ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುವ ರೂಢಿ ಬಂದದ್ದು.

ತರಗತಿಯಲ್ಲಿ ಇದನ್ನು ಬೀಟ್‌ರೂಟ್ ರಸದಿಂದ ತೋರಿಸಿದೆ. ಐದು ಪ್ರನಾಳಗಳಲ್ಲಿ ರಸವನ್ನು ಬೇರೆ ಬೇರೆ ಪ್ರಮಾಣದಲ್ಲಿ ನೀರಿಗೆ ಬೆರೆಸಿ 100, 150, 200, 250, 300 ಎಂದು ಚೀಟಿ ಅಂಟಿಸಿದೆ. ಆರನೆಯದಕ್ಕೆ ಚೀಟಿ ಇಲ್ಲ. ಅದರ ಬೆಲೆ ಎಷ್ಟೆಂದು ಪ್ರತಿಯೊಬ್ಬರೂ ಹೋಲಿಸಿ ನೋಡಿ, ಪಕ್ಕದವರಿಗೆ ತೋರಿಸದೆ ಬರೆಯಬೇಕು. ಒಂದೇ ಪ್ರನಾಳಕ್ಕೆ 160ರಿಂದ 220ರವರೆಗೆ ಉತ್ತರ ಬಂತು. ಕಣ್ಣಿಗಿಂತ ಯಂತ್ರ ಎಷ್ಟೋ ನಿಖರ, ನಿಜ. ಆದರೆ ಯಂತ್ರ ಎಷ್ಟೇ ನಿಖರವಾಗಿದ್ದರೂ ಮನುಷ್ಯನ ರಕ್ತವೇ ದಿನದಿಂದ ದಿನಕ್ಕೆ ಬದಲಾಗುತ್ತದೆ. ಇದಕ್ಕಾಗಿ ಮಕ್ಕಳು ಕೂತಲ್ಲೇ ತಮ್ಮ ನಾಡಿಯನ್ನು ಮೂರು ಸಲ ಎಣಿಸಿದರು. ಮೂರೂ ಸಲ ಒಂದೇ ಅಂಕಿ ಬಂದವರು ಇಬ್ಬರೇ. ಕೊಲೆಸ್ಟರಾಲ್ ಕೂಡ ಹಾಗೆಯೇ. 200 ಇರುವ ವ್ಯಕ್ತಿಯಲ್ಲಿ, ಊಟದಲ್ಲಿ ಏನೂ ಬದಲಾಗದಿದ್ದರೂ, ಬೇರೆ ದಿನ 190 ಅಥವಾ 210 ಬರುವುದು ಸಹಜ.

ಈಗ ತತ್ತಿಗೆ ಬರೋಣ. ಒಂದು ತತ್ತಿಯಲ್ಲಿ ಸುಮಾರು 200 ಮಿಲಿಗ್ರಾಂ ಕೊಲೆಸ್ಟರಾಲ್ ಇದೆ. ಅದೆಲ್ಲ ನೇರವಾಗಿ ರಕ್ತಕ್ಕೆ ಹೋಗಿ ಕೂರುತ್ತದೆಂಬುದು ನನ್ನ ಸೀಮೆಸುಣ್ಣದ ಚಿತ್ರದ ತಪ್ಪು. ದೇಹದ ಕೊಲೆಸ್ಟರಾಲ್‌ನ ಬಹುಪಾಲು ದೇಹವೇ ತಯಾರಿಸಿದ್ದು. ಊಟದಿಂದ ಹೆಚ್ಚು ಬಂದರೆ ಬಹಳ ಜನರಲ್ಲಿ ಯಕೃತ್ತು ತನ್ನ ತಯಾರಿಕೆಯನ್ನು ಕಡಿಮೆ ಮಾಡುತ್ತದೆ, ಕರುಳು ಒಂದು ಭಾಗವನ್ನು ಮಾತ್ರ ಹೀರಿಕೊಳ್ಳುತ್ತದೆ. 2001ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 17 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು: ದಿನದ ಆಹಾರದಲ್ಲಿ 100 ಮಿಲಿಗ್ರಾಂ ಕೊಲೆಸ್ಟರಾಲ್ ಹೆಚ್ಚಾದರೆ ರಕ್ತದ ಒಟ್ಟು ಕೊಲೆಸ್ಟರಾಲ್ ಸರಾಸರಿ 2.2 ಮಿಲಿಗ್ರಾಂನಷ್ಟು ಏರುತ್ತದೆ. ಅಂದರೆ ದಿನಕ್ಕೊಂದು ತತ್ತಿಗೆ ಸುಮಾರು 4. ಇದು ಸೊನ್ನೆಯಲ್ಲ. ಆದರೆ ಒಬ್ಬನ ರಕ್ತ ತಾನಾಗಿಯೇ 10 ಅಂಕಿ ಮೇಲೆ ಕೆಳಗೆ ಆಗುತ್ತಿರುವಾಗ, ತತ್ತಿ ತಿನ್ನುವ ಮೊದಲು ಒಮ್ಮೆ, ತಿಂದ ಒಂದು ತಿಂಗಳಿಗೆ ಒಮ್ಮೆ ಪರೀಕ್ಷೆ ಮಾಡಿಸಿದರೆ ಈ 4 ಕಾಣುವುದೇ ಇಲ್ಲ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿದಂತೆ. ಅದನ್ನು ಕೇಳಿಸಿಕೊಳ್ಳಲು ನೂರಾರು ಜನರ ಸರಾಸರಿ ಬೇಕು, ತತ್ತಿ ತಿನ್ನದ ಹೋಲಿಕೆಯ ಗುಂಪು ಬೇಕು.

ಜನರಲ್ಲೂ ಒಬ್ಬರಂತೆ ಒಬ್ಬರಿಲ್ಲ. ದಿನಕ್ಕೆ 25 ತತ್ತಿ ತಿನ್ನುತ್ತಿದ್ದ 88 ವರ್ಷದ ಅಮೆರಿಕದ ಮುದುಕರೊಬ್ಬರ ರಕ್ತದಲ್ಲಿ ಕೊಲೆಸ್ಟರಾಲ್ ಸಾಮಾನ್ಯ ಮಟ್ಟದಲ್ಲೇ ಇತ್ತೆಂದು 1991ರಲ್ಲಿ ಒಂದು ವೈದ್ಯಕೀಯ ಪತ್ರಿಕೆ ವರದಿ ಮಾಡಿತು. ಅವರ ಕರುಳು ಹೀರಿಕೊಳ್ಳುತ್ತಿದ್ದುದೇ ಕಡಿಮೆ. ಇನ್ನೊಂದು ತುದಿಯಲ್ಲಿ, ಎಲ್‌ಡಿಎಲ್ ಅನ್ನು ರಕ್ತದಿಂದ ಎಳೆದುಕೊಳ್ಳುವ ಗ್ರಾಹಕಗಳಲ್ಲೇ ಹುಟ್ಟಿನಿಂದ ದೋಷವಿರುವ ಕುಟುಂಬಗಳಿವೆ; ಅಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಬಹುದು. ಈ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಮುದುಕರ ಕಥೆ ಕೇಳಿ ಹುಡುಗರು ನಕ್ಕರು. ನಗಲಿ. ಆದರೆ ಒಬ್ಬರ ಕಥೆಯಿಂದ ನಿಯಮ ಮಾಡಬಾರದು ಎನ್ನುವುದು ಅಜ್ಜನ ಕಥೆಗೂ ಅನ್ವಯಿಸುತ್ತದೆ ಎಂದಾಗ ಸುಮ್ಮನಾದರು.

ಹೃದಯಕ್ಕೆ ಏನಾಗುತ್ತದೆ ಎಂಬುದು ಇನ್ನೂ ಒಂದು ಹೆಜ್ಜೆ ಆಚೆಯ ಪ್ರಶ್ನೆ. ರಕ್ತಪರೀಕ್ಷೆ ಹೃದಯವನ್ನು ನೋಡುವುದಿಲ್ಲ, ಅಪಾಯದ ಒಂದು ಗುರುತನ್ನು ನೋಡುತ್ತದೆ. ದೊಡ್ಡ ಸಮೀಕ್ಷೆಗಳು ಇಲ್ಲಿ ಒಂದೇ ಮಾತು ಹೇಳಿಲ್ಲ. 2019ರಲ್ಲಿ ಅಮೆರಿಕದ 29,615 ಜನರ ಅಧ್ಯಯನ ತತ್ತಿ ಹೆಚ್ಚಾದಂತೆ ಅಪಾಯವೂ ಹೆಚ್ಚಿತ್ತು ಎಂದಿತು. 2020ರಲ್ಲಿ ಭಾರತವೂ ಸೇರಿ 21 ದೇಶಗಳ ಮಾಹಿತಿ ಇದ್ದ ಪ್ಯೂರ್ ಅಧ್ಯಯನಕ್ಕೆ ಅಂಥ ಸಂಬಂಧ ಕಾಣಲಿಲ್ಲ. ತತ್ತಿಯ ಜೊತೆಗೆ ಜನ ಇನ್ನೇನು ತಿನ್ನುತ್ತಾರೆ ಎಂಬುದು ದೇಶದಿಂದ ದೇಶಕ್ಕೆ ಬೇರೆ ಎಂಬುದನ್ನು ಮರೆಯಬಾರದು. ಎಲ್‌ಡಿಎಲ್ ಏರಿಸುವುದರಲ್ಲಿ ಆಹಾರದ ಕೊಲೆಸ್ಟರಾಲ್‌ಗಿಂತ ಪರ್ಯಾಪ್ತ ಕೊಬ್ಬಿನ ಪಾಲು ದೊಡ್ಡದು. ಒಂದು ತತ್ತಿಯಲ್ಲಿ ಅದು ಸುಮಾರು ಒಂದೂವರೆ ಗ್ರಾಂ. ಪಾಮ್ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಹೀಗಾಗಿ ತತ್ತಿ ಬಿಟ್ಟು ಸಂಜೆ ಪಾಮ್ ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿ ತಿಂದವನಿಗೆ ಏನು ಲಾಭವಾಯಿತು ಎಂದು ಮಕ್ಕಳನ್ನು ಕೇಳಬಹುದು. ನಾನು ಕೇಳಿದೆ, ಯಾರಿಗೂ ಇಷ್ಟವಾಗಲಿಲ್ಲ.

ಹೋಲಿಕೆಯ ಗುಂಪಿಗೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಶಾಲೆಯಲ್ಲಿ ತತ್ತಿ ಕೊಡುವುದು 2021ರ ಡಿಸೆಂಬರ್‌ನಲ್ಲಿ ಶುರುವಾದದ್ದು ಕೆಲವೇ ಜಿಲ್ಲೆಗಳಲ್ಲಿ. 2022ರಲ್ಲಿ ಎಲ್ಲ ಜಿಲ್ಲೆಗಳಿಗೂ ಬಂತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಆ ಮೊದಲ ತಿಂಗಳುಗಳಲ್ಲಿ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ತತ್ತಿ ಸಿಕ್ಕ ಯಾದಗಿರಿಯ ಮಕ್ಕಳನ್ನು, ಆಗ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು, 8ನೇ ತರಗತಿಯ ಹುಡುಗಿಯರಲ್ಲಿ ವಿಶೇಷವಾಗಿ. ಇಲ್ಲಿ ನೋಡಿದ್ದು ಎತ್ತರ, ತೂಕ. ಲಿಪಿಡ್ ಪ್ರೊಫೈಲ್ ಅಲ್ಲ. ಬೆಳೆಯುವ ಮಗುವಿನ ಪ್ರಶ್ನೆ ಬೇರೆ, ಹೃದಯಾಘಾತವಾದ ಅಜ್ಜನ ಪ್ರಶ್ನೆ ಬೇರೆ. ನಾನು ಎರಡನ್ನೂ ಒಂದೇ ಚಿತ್ರದಲ್ಲಿ ಬರೆದಿದ್ದೆ.

ಇಲ್ಲಿ ಎರಡು ಎಚ್ಚರಿಕೆ. ಮನೆಯ ಆಚಾರದಿಂದ ತತ್ತಿ ತಿನ್ನದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಈ ಪಾಠ ಅವರನ್ನು ತಿನ್ನಿಸಲು ಅಲ್ಲ. ಬಾಳೆಹಣ್ಣಿನ ಸಾಲು ಅವರಿಗಾಗಿಯೇ ಇದೆ. ಹಾಗೆಯೇ ಮನೆಯವರ ರಕ್ತಪರೀಕ್ಷೆ ವರದಿ ತನ್ನಿ ಎಂದು ಮಕ್ಕಳಿಗೆ ಹೇಳಬೇಡಿ. ಅದು ಅವರ ಮನೆಯ ಖಾಸಗಿ ವಿಷಯ.

ನಾನು ಹೇಳಿರಲಿಲ್ಲ, ಆದರೂ ಆ ಹುಡುಗಿ ಅಜ್ಜನ ಎರಡು ವರದಿಗಳ ಅಂಕಿಗಳನ್ನಷ್ಟೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡು ಬಂದು, ವಿರಾಮದಲ್ಲಿ ನನಗೆ ತೋರಿಸಿದಳು. ಸೂತ್ರ ಹಾಕಿ ಎಲ್‌ಡಿಎಲ್ ತಾನೇ ತೆಗೆದಿದ್ದಳು: ಮೊದಲು 156, ಮೂರು ತಿಂಗಳ ನಂತರ 80. “ತತ್ತಿ ಬಿಟ್ಟಿದ್ದಕ್ಕ ಇಳದೈತಲ್ರಿ ಟೀಚರ್?” ಎಂದಳು. ಆ ಮೂರು ತಿಂಗಳಲ್ಲಿ ಅಜ್ಜನ ದಿನಚರಿಯಲ್ಲಿ ಇನ್ನೇನಾದರೂ ಬದಲಾಗಿತ್ತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದಳು.

“ಬೀಡಿ ಬಿಟ್ಟಾನ್ರಿ. ಮತ್ತ ರಾತ್ರಿ ಒಂದ್ ಕೊಲೆಸ್ಟರಾಲ್ ಗುಳಿಗಿ ಚಾಲೂ ಮಾಡ್ಯಾರ್ರಿ.”

ಆ ಗುಳಿಗೆ ಯಕೃತ್ತಿನ ತಯಾರಿಕೆಯನ್ನೇ ತಡೆಯುವಂಥದ್ದು, ಇಷ್ಟು ದೊಡ್ಡ ಇಳಿಕೆ ತತ್ತಿಯೊಂದರಿಂದ ಬರುವುದಿಲ್ಲ ಎಂದು ಹೇಳಿದೆ. ಅಜ್ಜ ತತ್ತಿ ತಿನ್ನಬೇಕೋ ಬಿಡಬೇಕೋ ಎಂಬುದನ್ನು ಮಾತ್ರ ಅವರ ಡಾಕ್ಟರೇ ಹೇಳಬೇಕು ಎಂದೆ. ಮುಂದಿನ ತಪಾಸಣೆಗೆ ಹೋದಾಗ ಕೇಳಲು ಅದೇ ಪುಟದಲ್ಲಿ ಒಂದು ಪ್ರಶ್ನೆ ಬರೆದುಕೊಂಡಳು.