ಧೈರ್ಯವೋ, ಪಾಟ್ಲಿಯೋ?

ಸೊಲ್ಲಾಪುರದ ಬಾಳಿವೇಸದ ಕಡೆ ನಮ್ಮ ವೈನಿಯ ಕಡಕ್ ರೊಟ್ಟಿ ತಿಂದವರೆಲ್ಲ 'ಭಾಳ ಧೈರ್ಯದ ಹೆಣ್ಣುಮಗಳು' ಅಂತಾರೆ. ಧಂದೆ ಮಾಡೋ ಗುಣ ರಕ್ತದಲ್ಲೇ ಬರಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ನಾನೂ ಹಾಗೇ ತಿಳಿದಿದ್ದೆ.

ವೈನಿ ಒಪ್ಪಲಿಲ್ಲ. "ಎಲ್ಲೀ ಧೈರ್ಯರೀ? ಅತ್ತಿಯವರು ಪಾಟ್ಲಿ ಬಿಚ್ಚಿ ಕೊಟ್ರು, ಒತ್ತಿ ಇಟ್ಟು ಜೋಳ ತಂದೆ. ಬಾಜೂ ಮನಿಯಾಕಿ ನನಗಿಂತ ಛಲೋ ಬಡೀತಾಳ. ಆಕೀಗೆ ಪಾಟ್ಲಿ ಇರಲಿಲ್ಲ, ಅಷ್ಟ!"

ಈ ಮಾತನ್ನೇ ಅಂಕಿಗಳಲ್ಲಿ ಒರೆಗೆ ಹಚ್ಚಿದವರಿದ್ದಾರೆ. ಬ್ರಿಟನ್ನಿನಲ್ಲಿ 1958ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಹುಟ್ಟಿದ ಮಕ್ಕಳನ್ನು ಅವರು ದೊಡ್ಡವರಾದ ಮೇಲೂ ವಿಚಾರಿಸುತ್ತ ಬಂದ ಸಮೀಕ್ಷೆಯೊಂದಿದೆ. ಚಿಕ್ಕಂದಿನ ಸ್ವಭಾವ, ತಂದೆಯ ಕಸುಬು, ಓದು, ಕೈಗೆ ಬಂದ ಆಸ್ತಿ ಎಲ್ಲವೂ ಅದರಲ್ಲಿ ದಾಖಲು. ಅರ್ಥಶಾಸ್ತ್ರಜ್ಞರಾದ ಬ್ಲಾಂಚ್‌ಫ್ಲವರ್ ಮತ್ತು ಆಸ್ವಾಲ್ಡ್ ಅವರು 1998ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇವನ್ನೆಲ್ಲ ಒಂದೇ ಸಮೀಕರಣಕ್ಕೆ ಹಾಕಿದರು. ಉಳಿದುದೆಲ್ಲ ಸಮ ಎಂದು ಹಿಡಿದರೆ, ಒಂದೊಂದು ಸಂಗತಿಯೂ ಸ್ವಂತ ಉದ್ಯೋಗದ ಸಂಭವವನ್ನು ಎಷ್ಟು ಏರಿಸುತ್ತದೆ? ಲೆಕ್ಕದ ತಿರುಳು ಇಷ್ಟೇ. ಬಾಲ್ಯದ ಸ್ವಭಾವದ ಅಂಕಗಳು ಹೆಚ್ಚೇನೂ ಹೇಳಲಿಲ್ಲ. ಪಿತ್ರಾರ್ಜಿತವೋ ಉಡುಗೊರೆಯೋ 5,000 ಪೌಂಡ್ ಕೈಸೇರಿದರೆ ಮಾತ್ರ ಸಂಭವ ಸುಮಾರು ಇಮ್ಮಡಿ!

ಆಸ್ತಿ ಬಿಟ್ಟುಹೋಗುವ ಮನೆಗಳು ಮೊದಲೇ ವ್ಯಾಪಾರಸ್ಥರ ಮನೆಗಳಾಗಿರಬಹುದಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಸಂಶಯ. ಲಾಟರಿಗೆ ಮನೆತನ ಗೊತ್ತಿಲ್ಲ ನೋಡಿ. ಲಿಂಡ್ ಮತ್ತು ಓಲ್ಸನ್ 1996ರಲ್ಲಿ ಸ್ವೀಡನ್ನಿನ ಲಾಟರಿ ಗೆದ್ದವರನ್ನೇ ಲೆಕ್ಕಕ್ಕೆ ಹಿಡಿದರು. ಅಲ್ಲೂ ಹಣ ಬಂದವರೇ ಹೆಚ್ಚಾಗಿ ಸ್ವಂತ ಉದ್ಯೋಗಕ್ಕೆ ಇಳಿದಿದ್ದರು. ಆದರೆ 2004ರಲ್ಲಿ ಹರ್ಸ್ಟ್ ಮತ್ತು ಲುಸಾರ್ಡಿ ತಕರಾರು ತೆಗೆದರು. ಅಮೆರಿಕದಲ್ಲಿ ತೀರ ಮೇಲಿನ ಶೇ. 5ರಷ್ಟು ಸಿರಿವಂತರನ್ನು ಬಿಟ್ಟರೆ ಆಸ್ತಿಗೂ ಧಂದೆ ಹೂಡುವುದಕ್ಕೂ ಅಂಥ ನಂಟಿಲ್ಲ ಎಂದರು. ಇರಬಹುದು. ಜೋಳದ ಚೀಲಕ್ಕೂ ಪಾಟ್ಲಿ ಒತ್ತಿ ಇಡಬೇಕಾದ ನಮ್ಮ ಓಣಿಗೆ ಬ್ರಿಟನ್ನಿನ ಲೆಕ್ಕವೇ ಹತ್ತಿರ ಎಂದು ನನಗೆ ಕಾಣುತ್ತದೆ.

ಆ ಪಾಟ್ಲಿಯನ್ನು ವೈನಿ ಎಂದೋ ಬಿಡಿಸಿಕೊಂಡು ಬಂದರು. ಈಗ ಮಗಳು ಹೊಲಿಗೆ ಅಂಗಡಿ ಹಾಕತೀನಿ ಅಂತಾಳೆ. ಅಣ್ಣ, "ಅದು ಆಕೀ ಮದಿವಿಗೆ ಇಟ್ಟದ್ದು" ಅಂತಾನೆ. ನನ್ನ ಕೇಳಿದ, ಈ ಲೆಕ್ಕ ಹೇಳಿದೆ, ಸಿಟ್ಟಾದ. ಟ್ರಂಕಿನ ಕೀಲಿ ವೈನಿಯ ಸೊಂಟದಲ್ಲಿದೆ. ಅವರು ಇನ್ನೂ ಏನೂ ಅಂದಿಲ್ಲ.