ಹಳೆಯ ಜೀಪಿನ ಡಿಸ್ಟ್ರಿಬ್ಯೂಟರ್ ಬುಷ್: ಸವೆತವೂ ದುರಸ್ತಿಯೂ

ಮಲೆನಾಡಿನ ತೋಟಗಳಲ್ಲಿ ಹಳೆಯ ಪೆಟ್ರೋಲ್ ಜೀಪುಗಳನ್ನು ಜತನದಿಂದ ಇಟ್ಟುಕೊಂಡವರು ಇನ್ನೂ ಇದ್ದಾರೆ. ವಿಲ್ಲೀಸ್ ಕಂಪನಿಯವರು 1953ರಲ್ಲಿ ಹೊರತಂದ ಸಿಜೆ-3ಬಿ ಮಾದರಿಯನ್ನು ಮಹೀಂದ್ರ ಕಂಪನಿಯವರು ಪರವಾನಗಿ ಪಡೆದು ನಮ್ಮ ದೇಶದಲ್ಲಿ ಬಹುಕಾಲ ತಯಾರಿಸಿದರು. ನಮ್ಮ ಭಾವನವರ ಮನೆಯಲ್ಲಿರುವುದೂ ಆ ಜಾತಿಯದೇ, 2.2 ಲೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್.

ಒಂದು ಕಾಫಿ ಕೊಯ್ಲಿನ ಕಾಲದಲ್ಲಿ ಅದು ಏರಿನಲ್ಲಿ ಮುಗ್ಗರಿಸತೊಡಗಿತು. ಪ್ಲಗ್ಗುಗಳನ್ನು ಬದಲಾಯಿಸಿದರು. ಕಾಯಿಲ್, ಕಂಡೆನ್ಸರ್ ಹೊಸದಾಗಿ ಹಾಕಿಸಿದರು. ಕಾರ್ಬುರೇಟರನ್ನು ಎರಡು ಸಲ ಬಿಚ್ಚಿ ತೊಳೆದದ್ದಾಯಿತು. ಕೊನೆಗೆ ಎಂಜಿನ್ ಇಳಿಸಿ ಬೋರ್ ಮಾಡಿಸಬೇಕೆಂಬ ಸಲಹೆ ಬಂತು. "ಇಷ್ಟು ದುಡ್ಡು ಸುರಿಯುವುದಕ್ಕಿಂತ ಗುಜರಿಗೆ ಹಾಕುವುದೇ ಮೇಲು, ನೀನೇನಂತೀಯ?" ಎಂದು ಭಾವ ಕೇಳಿದರು. ನಾನು ಬೇಸಾಯಶಾಸ್ತ್ರದವನು. ಎಲೆ ಹಳದಿಯಾದೊಡನೆ ಯೂರಿಯ ಎರಚುವವರಿಗೆ, ಮೊದಲು ಬೇರು ಕಿತ್ತು ನೋಡಿ ಎನ್ನುವುದು ನನ್ನ ಕಸುಬು. ಇಲ್ಲಿಯೂ ಹಾಗೆಯೇ ಮಾಡೋಣ ಎಂದೆ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಶಾಫ್ಟಿನ ತುದಿಯನ್ನು ಬೆರಳಿನಿಂದ ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸಿದಾಗ ಟಕ್ ಟಕ್ ಎಂದಿತು. ರೋಟರ್ ಸ್ವಲ್ಪ ತಿರುಗಿ ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಬರುವುದು ಸಹಜ, ಅದು ದೋಷವಲ್ಲ. ಪಕ್ಕಕ್ಕೆ ಅಲುಗಾಡುವುದೇ ದೋಷ.

ಈ ಶಾಫ್ಟು ಎಂಜಿನಿನ ಅರ್ಧ ವೇಗದಲ್ಲಿ ಸುತ್ತುತ್ತದೆ. ಅದರ ಮೇಲಿನ ನಾಲ್ಕು ಉಬ್ಬಿನ ಕ್ಯಾಮು ಪಾಯಿಂಟುಗಳನ್ನು ತೆರೆದಾಗಲೆಲ್ಲ ಕಿಡಿ ಹುಟ್ಟುತ್ತದೆ. ಆಟೋಲೈಟ್ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟಿನ ಸಂದು 0.020 ಅಂಗುಲ, ಎಂದರೆ ಸುಮಾರು ಅರ್ಧ ಮಿಲಿಮೀಟರ್. ಶಾಫ್ಟೇ 0.2 ಮಿ.ಮೀ. ಓಲಾಡಿದರೆ ಸಂದಿನ ಅಳತೆಗೆ ಅರ್ಥವೇನು? 1-3-4-2ರ ಸರದಿಯಲ್ಲಿ ಒಂದು ಸಿಲಿಂಡರಿಗೆ ಕಿಡಿ ಬೇಗ, ಇನ್ನೊಂದಕ್ಕೆ ತಡ. ಟೈಮಿಂಗ್ ಲೈಟ್ ಹಿಡಿದರೆ ಗುರುತು ಒಂದೆಡೆ ನಿಲ್ಲದೆ ಕುಣಿಯುತ್ತದೆ. ಎಷ್ಟು ಸಲ ಫೀಲರ್ ಗೇಜಿನಿಂದ ಸಂದು ಸರಿಮಾಡಿದರೂ ನಾಲ್ಕು ದಿನಕ್ಕೆ ಮತ್ತೆ ಅದೇ ಪಾಡು.

ದುರಸ್ತಿ ಕಷ್ಟದ್ದಲ್ಲ, ಆದರೆ ಅವಸರ ಕೂಡದು. ಬ್ಯಾಟರಿ ತಂತಿ ಕಳಚಿ, ರೋಟರಿನ ದಿಕ್ಕನ್ನೂ ಡಿಸ್ಟ್ರಿಬ್ಯೂಟರ್ ಕೂತಿರುವ ರೀತಿಯನ್ನೂ ಗುರುತು ಮಾಡಿಕೊಂಡು ಹೊರತೆಗೆಯಬೇಕು. ಶಾಫ್ಟಿನ ಕೆಳತುದಿಯ ಕಪ್ಲಿಂಗಿನ ನಾಲಿಗೆ ನಡುವಿನಲ್ಲಿರದೆ ಒಂದು ಪಕ್ಕಕ್ಕಿರುತ್ತದೆ. ಪಿನ್ನು ಹೊಡೆದು ಕಪ್ಲಿಂಗ್ ಬಿಚ್ಚುವ ಮುನ್ನ ಅದಕ್ಕೂ ಗುರುತು ಹಾಕಿರಿ. ತಿರುಗುಮುರುಗಾಗಿ ಜೋಡಿಸಿದರೆ ಕಿಡಿಯೆಲ್ಲ ತಪ್ಪು ಸಿಲಿಂಡರಿಗೆ ಹೋಗುತ್ತದೆ. ಹೊರಬಂದ ಶಾಫ್ಟನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಬುಷ್ ಕೂರುವ ಜಾಗದಲ್ಲಿ ಅದು ತಗ್ಗು ಬಿದ್ದಿದ್ದರೆ ಹೊಸ ಬುಷ್ ಹಾಕಿಯೂ ವ್ಯರ್ಥ.

ಬುಷ್‌ಗಳಲ್ಲಿ ಸಣ್ಣ ರಂಧ್ರಗಳಿಂದ ಎಣ್ಣೆ ಹೀರಿಟ್ಟುಕೊಳ್ಳುವ ಕಂಚಿನವು ಒಳ್ಳೆಯವು. ಅವನ್ನು ಎಂಜಿನ್ ಆಯಿಲ್‌ನಲ್ಲಿ ಒಂದು ಇಡೀ ದಿನ ನೆನೆಸಿಡಬೇಕು. ಅಂಥವು ಸಿಗದಿದ್ದರೆ ಲೇತಿನ ಕೆಲಸಗಾರರಿಂದ ಫಾಸ್ಫರ್ ಕಂಚಿನ ಸರಳಿನಲ್ಲಿ ಮಾಡಿಸಿ, ಎಣ್ಣೆ ಹರಿಯಲು ಒಳಗೆ ಗೀರು ಕೊಡಿಸಬಹುದು. ಹಳೆಯ ಬುಷ್ ತೆಗೆದು ಹೊಸದನ್ನು ವೈಸಿನಲ್ಲಿ ನೇರವಾಗಿ ಒತ್ತಿ ಕೂರಿಸಿರಿ. ಸುತ್ತಿಗೆಯಿಂದ ಹೊಡೆಯುವುದು ಬೇಡ. ಎಣ್ಣೆ ಬರುವ ತೂತು ಮುಚ್ಚಿಹೋಗಬಾರದು. ಒತ್ತಿದಾಗ ಬುಷ್ಷಿನ ಒಳಬಾಯಿ ತುಸು ಕಿರಿದಾಗುವುದುಂಟು. ಆಗ ಹರಿತವಾದ ರೀಮರಿನಿಂದ ಹಗುರವಾಗಿ ಸವರಿಸಬೇಕೇ ಹೊರತು ಮರಳು ಕಾಗದದಿಂದ ಉಜ್ಜಬಾರದು. ಮರಳಿನ ಕಣ ಕಂಚಿನಲ್ಲಿ ಹೂತು ಶಾಫ್ಟನ್ನೇ ತಿನ್ನುತ್ತದೆ. ಶಾಫ್ಟು ಸಲೀಸಾಗಿ ತಿರುಗಬೇಕು, ಅಲುಗಬಾರದು. ಹೊಸ ಪಿನ್ನು ಹಾಕಿ, ಸಂದು ಸರಿಮಾಡಿ, ಟೈಮಿಂಗ್ ಹೊಸದಾಗಿ ಕೂರಿಸಬೇಕು.

ನಮ್ಮ ಜೀಪಿನ ಬುಷ್ ಸವೆಯಲು ಕಾರಣ ಸರಳ. ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿರುವ ಪುಟ್ಟ ಎಣ್ಣೆ ಬಟ್ಟಲು ಮಣ್ಣು ಮೆತ್ತಿಕೊಂಡು ಕಣ್ಣಿಗೇ ಬೀಳುತ್ತಿರಲಿಲ್ಲ. ಅದಕ್ಕೆ ಆಗಾಗ್ಗೆ ನಾಲ್ಕೈದು ಹನಿ, ರೋಟರಿನ ಕೆಳಗಿನ ಬತ್ತಿಗೆ ಒಂದು ಹನಿ ಎಣ್ಣೆ ಸಾಕು. ಭಾವನವರು ಈಗ ಎಣ್ಣೆಯ ಡಬ್ಬಿಯನ್ನು ಜೀಪಿನಲ್ಲೇ ಇಟ್ಟಿದ್ದಾರೆ. ಒಮ್ಮೆ ಬತ್ತಿಗೆ ಧಾರಾಳವಾಗಿ ಸುರಿದು, ಪಾಯಿಂಟುಗಳಿಗೆಲ್ಲ ಜಿಡ್ಡು ಹತ್ತಿಸಿ ನನ್ನನ್ನು ಮತ್ತೆ ಕರೆಸಿದ್ದೂ ಉಂಟು.