ಕಡಲ ಮೇಲೊಂದು ಸಂಸಾರ

ಹಳೆಯ ಮನೆಯನ್ನು ಕೊಳ್ಳುವವರು ನೀರಿನ ಅನುಕೂಲವನ್ನು ವಿಚಾರಿಸುತ್ತಾರೆ. ಗಾಳಿ ಬೆಳಕುಗಳನ್ನು ನೋಡುತ್ತಾರೆ. ಮಳೆಗಾಲದಲ್ಲಿ ಮಾಡು ಸೋರುವುದುಂಟೇ ಎಂದು ನೆರೆಯವರನ್ನು ಗುಟ್ಟಾಗಿ ಕೇಳುತ್ತಾರೆ. 1951ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಹಾಯಿದೋಣಿಯೊಂದನ್ನು ಕೊಂಡ ಮೈಲ್ಸ್ ಸ್ಮೀಟನ್ ಮತ್ತು ಬೆರಿಲ್ ಸ್ಮೀಟನ್ ದಂಪತಿಗಳು ಅದನ್ನು ಮನೆಯೆಂದು ಭಾವಿಸಿ ಕೊಳ್ಳಲಿಲ್ಲ. ಹಣವನ್ನು ದೇಶದಿಂದ ಹೊರಕ್ಕೆ ಸಾಗಿಸುವ ಒಂದು ಉಪಾಯವೆಂದು ಕೊಂಡರು.

ಎರಡನೆಯ ಮಹಾಯುದ್ಧದ ತರುವಾಯ ಬ್ರಿಟನ್ನಿನಿಂದ ಹೊರದೇಶಕ್ಕೆ ಹಣ ಒಯ್ಯುವುದಕ್ಕೆ ಸರ್ಕಾರದ ಕಟ್ಟುನಿಟ್ಟಾದ ನಿರ್ಬಂಧವಿದ್ದಿತು. ಸ್ಮೀಟನ್ ದಂಪತಿಗಳು ಕೆನಡಾದ ಪಶ್ಚಿಮ ತೀರದ ಸಾಲ್ಟ್ ಸ್ಪ್ರಿಂಗ್ ಎಂಬ ದ್ವೀಪದಲ್ಲಿ ಜಮೀನು ಮಾಡಿಕೊಂಡು ಬೇಸಾಯಕ್ಕೆ ತೊಡಗಿದ್ದರು. ಆದರೆ ಅವರ ಹಣ ಇಂಗ್ಲೆಂಡಿನಲ್ಲಿ ಸಿಕ್ಕಿಕೊಂಡಿದ್ದಿತು. ಆ ಹಣದಿಂದ ಅಲ್ಲಿಯೇ ದೋಣಿಯೊಂದನ್ನು ಕೊಳ್ಳುವುದು, ಅದನ್ನು ತಾವೇ ನಡೆಸಿಕೊಂಡು ಕೆನಡಾಕ್ಕೆ ಒಯ್ಯುವುದು, ಅಲ್ಲಿ ಮಾರಿಬಿಡುವುದು - ಇದು ಅವರ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಇದ್ದಿತು. ಇದ್ದ ತೊಡಕು ಒಂದೇ: ಇಬ್ಬರಿಗೂ ಹಾಯಿದೋಣಿ ನಡೆಸಿ ಅಭ್ಯಾಸವಿರಲಿಲ್ಲ!

ಹಾಗೆಂದು ಅವರು ಕುರ್ಚಿಯಲ್ಲಿ ಕುಳಿತು ಕನಸು ಕಾಣುವ ಜನರಲ್ಲ. ಮೈಲ್ಸ್ ಅವರು ಭಾರತೀಯ ಸೇನೆಯ ಹಾಡ್ಸನ್ಸ್ ಹಾರ್ಸ್ ಎಂಬ ಅಶ್ವದಳದಲ್ಲಿದ್ದು, ಯುದ್ಧದಲ್ಲಿ ಶೌರ್ಯಪದಕಗಳನ್ನು ಪಡೆದು, ಬ್ರಿಗೇಡಿಯರ್ ಪದವಿಗೆ ಏರಿದವರು. ಬೆರಿಲ್ ಅವರು ಒಂಟಿಯಾಗಿ ದೇಶದೇಶಗಳನ್ನು ಸುತ್ತಿದ್ದ ಗಟ್ಟಿಗಿತ್ತಿ. 1939ರಲ್ಲಿ ಹಿಂದೂಕುಶ ಪರ್ವತದ ತಿರಿಚ್ ಮಿರ್ ಶಿಖರವನ್ನು ಏರಲು ಇಬ್ಬರೂ ಪ್ರಯತ್ನಿಸಿದ್ದರು. ಆಗ ಅವರ ಜೊತೆಗಿದ್ದವರಲ್ಲಿ ತೇನ್‌ಸಿಂಗ್ ನೋರ್ಗೆ ಎಂಬ ತರುಣನೂ ಒಬ್ಬ. ಹದಿನಾಲ್ಕು ವರ್ಷಗಳ ಮೇಲೆ ಜಗತ್ತೆಲ್ಲ ಅರಿತ ತೇನ್‌ಸಿಂಗರೇ ಅವರು.

ಕರುಣೆಯ ನಾವೆ

ದೋಣಿಯ ಹೆಸರು ತ್ಸು ಹಾಂಗ್. ಹಾಂಗ್‌ಕಾಂಗಿನಲ್ಲಿ 1938ರಲ್ಲಿ ಕಟ್ಟಿದ್ದು. ಉದ್ದ 46 ಅಡಿ. ಎರಡು ಹಾಯಿಕಂಬ, ಮುಂದಿನದು ಎತ್ತರ, ಹಿಂದಿನದು ಗಿಡ್ಡ. ಮೈಯೆಲ್ಲ ತೇಗದ ಮರ. ತೇಗವು ನೀರಿನಲ್ಲಿ ಬೇಗ ಕೊಳೆಯುವುದಿಲ್ಲ, ಹುಳು ಹಿಡಿಯುವುದೂ ಕಡಿಮೆ. ಆದುದರಿಂದಲೇ ದೋಣಿ ಕಟ್ಟುವವರಿಗೆ ಆ ಮರದ ಮೇಲೆ ಅಷ್ಟು ಪ್ರೀತಿ. ತ್ಸು ಹಾಂಗ್ ಎಂದರೆ ಚೀನೀ ಭಾಷೆಯಲ್ಲಿ ಕರುಣೆಯ ನಾವೆ. ಸಂಸಾರಸಾಗರದಲ್ಲಿ ಮುಳುಗುವವರನ್ನು ದಡ ಸೇರಿಸುವ ಕ್ವಾನ್ ಯಿನ್ ದೇವಿಗೆ ಸಂಬಂಧಿಸಿದ ಮಾತು ಅದು. ಚೀನೀಯರ ಈ ಕ್ವಾನ್ ಯಿನ್ ಬೇರೆ ಯಾರೂ ಅಲ್ಲ, ಭಾರತದಿಂದ ಅಲ್ಲಿಗೆ ಹೋದ ಅವಲೋಕಿತೇಶ್ವರ. ಮಂಗಳೂರಿನ ಕದ್ರಿಯ ದೇವಾಲಯದಲ್ಲಿ 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕಂಡವರಿಗೆ ಈ ನಂಟು ಹೊಸದೆನಿಸಲಾರದು.

ಇಬ್ಬರೂ ನಡೆಸುತ್ತ ನಡೆಸುತ್ತಲೇ ಕಲಿತರು. ಹನ್ನೊಂದು ವರ್ಷದ ಆಸುಪಾಸಿನ ಮಗಳು ಕ್ಲಿಯೋಳೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಿ, ಪನಾಮಾ ಕಾಲುವೆಯನ್ನು ಹಾದು, ಕೆನಡಾವನ್ನು ಸೇರಿದರು. ಲೆಕ್ಕದ ಪ್ರಕಾರ ಈಗ ದೋಣಿಯನ್ನು ಮಾರಬೇಕಾಗಿತ್ತು. ಮಾರಲಿಲ್ಲ. 1955ರಲ್ಲಿ ಜಮೀನಿನ ಜೀವನವನ್ನೇ ತೊರೆದು ದೋಣಿಯನ್ನು ಮನೆ ಮಾಡಿಕೊಂಡರು.

ಇಂತಹ ದೋಣಿಯಲ್ಲಿ ಸಂಸಾರ ನಡೆಯುವ ಬಗೆಯನ್ನು ಗೃಹಿಣಿಯರು ಕೇಳಬೇಕು. ಇಡೀ ಮನೆ ಹಗಲಿರುಳೂ ಓಲಾಡುತ್ತಿರುತ್ತದೆ. ಒಲೆಯನ್ನು ಎರಡು ತಿರುಗುಣಿಗಳ ಮೇಲೆ ತೂಗುಬಿಟ್ಟಿರುತ್ತಾರೆ. ದೋಣಿ ಎತ್ತ ವಾಲಿದರೂ ಪಾತ್ರೆ ಮಟ್ಟವಾಗಿಯೇ ನಿಲ್ಲುತ್ತದೆ. ಮೇಜಿನ ನಾಲ್ಕೂ ಅಂಚುಗಳಿಗೆ ತಟ್ಟೆ ಜಾರದಂತೆ ಪಟ್ಟಿ. ಹಾಸಿಗೆಗೆ ಮಲಗಿದವರು ಉರುಳದಂತೆ ಹಲಗೆ. ಕುಡಿಯುವ ನೀರು ತೊಟ್ಟಿಯಲ್ಲಿರುವಷ್ಟೇ. ಪಾತ್ರೆ ತೊಳೆಯಲು, ಮೈ ತೊಳೆಯಲು ಉಪ್ಪುನೀರೇ ಗತಿ. ಮಳೆ ಬಂದರೆ ಹಾಯಿಯಿಂದ ಇಳಿಯುವ ನೀರನ್ನು ಬಕೆಟ್ಟಿನಲ್ಲಿ ಹಿಡಿಯುವ ಸಂಭ್ರಮ. ಡಬ್ಬಿಗಳ ಮೇಲಿನ ಕಾಗದ ತೇವಕ್ಕೆ ಕಳಚಿ ಬೀಳುವುದೆಂದು ಅದನ್ನು ಮೊದಲೇ ಕಿತ್ತು, ಬಣ್ಣದಿಂದ ಗುರುತು ಬರೆಯುವ ವಾಡಿಕೆ. ಗುರುತು ಅಳಿಸಿತೋ, ಬಟಾಣಿ ಎಂದು ತೆರೆದ ಡಬ್ಬಿಯಲ್ಲಿ ಪೀಚ್ ಹಣ್ಣು ಸಿಗುವುದು! ದಾರಿ ತಿಳಿಯಲು ಸೂರ್ಯ ನಕ್ಷತ್ರಗಳ ಎತ್ತರವನ್ನು ಅಳೆದು, ಗಡಿಯಾರ ನೋಡಿ, ಕೋಷ್ಟಕಗಳನ್ನು ತಿರುವಿ ಲೆಕ್ಕ ಹಾಕಬೇಕಾಗಿದ್ದಿತು.

ಇವೆಲ್ಲ ಅನುಕೂಲಗಳು ನಿಜ. ಆದರೆ ದೋಣಿಯಲ್ಲಿ ಏನೇನಿದ್ದರೆ ಸಾಕು ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಅಡುಗೆಯ ಮೂಲೆಯಲ್ಲಿ ಅಲ್ಲ.

ಫೆಬ್ರವರಿ 14

1956ರ ಡಿಸೆಂಬರಿನಲ್ಲಿ, ಮೆಲ್ಬೋರ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಮುಗಿದು ಎರಡು ವಾರವಾಗಿದ್ದಾಗ, ತ್ಸು ಹಾಂಗ್ ಅಲ್ಲಿಂದ ಹೊರಟಿತು. ಕ್ಲಿಯೋ ಆಗ ಇಂಗ್ಲೆಂಡಿನ ಶಾಲೆಯಲ್ಲಿದ್ದಳು. ಮಗಳನ್ನು ಸೇರಿಕೊಳ್ಳಲು ತಂದೆತಾಯಿಗಳು ಆರಿಸಿಕೊಂಡದ್ದು ದಕ್ಷಿಣ ಅಮೆರಿಕದ ತುತ್ತತುದಿಯಾದ ಹಾರ್ನ್ ಭೂಶಿರವನ್ನು ಬಳಸಿ ಹೋಗುವ ದಾರಿಯನ್ನು. ಹಿಂದಿನ ಕಾಲದ ದೊಡ್ಡ ಹಾಯಿಹಡಗುಗಳ ನಾವಿಕರೂ ಹೆಸರೆತ್ತಿದರೆ ನಡುಗುತ್ತಿದ್ದ ದಾರಿಯದು. ಅಲ್ಲಿ ಗಾಳಿಯನ್ನು ತಡೆಯಲು ನೆಲವೇ ಇಲ್ಲ. ಅಲೆಗಳು ಸಾವಿರಾರು ಮೈಲಿ ಅಡೆತಡೆಯಿಲ್ಲದೆ ಬೆಳೆಯುತ್ತ ಬರುತ್ತವೆ. ಶಾಲೆಗೆ ಹೋಗಿ ಮಗಳನ್ನು ನೋಡಲು ಇದೇ ದಾರಿ ಬೇಕಾಗಿತ್ತೇ ಎಂದು ಯಾವ ತಾಯಿಯಾದರೂ ಕೇಳಿಯಾಳು. ಕೇಳುವುದು ನ್ಯಾಯವೇ.

ಜೊತೆಗೆ ಇದ್ದವರು ಜಾನ್ ಗಜ್‌ವೆಲ್ ಎಂಬ ತರುಣರು ಮತ್ತು ಪ್ವೆ ಎಂಬ ಸಯಾಮಿ ಬೆಕ್ಕು. ಗಜ್‌ವೆಲ್ ಅವರು ಮರಗೆಲಸ ಬಲ್ಲವರು. ಟ್ರೆಕ್ಕಾ ಎಂಬ 20 ಅಡಿಯ ಪುಟ್ಟ ದೋಣಿಯನ್ನು ತಮ್ಮ ಕೈಯಿಂದಲೇ ಕಟ್ಟಿ ಭೂಪ್ರದಕ್ಷಿಣೆಗೆ ಹೊರಟಿದ್ದವರು. ಅದನ್ನು ನ್ಯೂಜಿಲೆಂಡಿನಲ್ಲಿ ಬಿಟ್ಟು ಸ್ನೇಹಿತರಿಗೆ ನೆರವಾಗಲು ಬಂದಿದ್ದರು.

1957ರ ಫೆಬ್ರವರಿ 14ರ ಬೆಳಗ್ಗೆ ಬೆರಿಲ್ ಅವರು ಚುಕ್ಕಾಣಿ ಹಿಡಿದಿದ್ದರು. ಗಂಡಸರಿಬ್ಬರೂ ಕೆಳಗಿದ್ದರು. ಗಾಳಿ ಬೆನ್ನಿಗೆ, ದೋಣಿಯ ವೇಗ ತಗ್ಗಲೆಂದು ಹಿಂದೆ ಉದ್ದವಾದ ದಪ್ಪ ಹಗ್ಗವನ್ನು ನೀರಿನಲ್ಲಿ ಎಳೆಯಬಿಟ್ಟಿದ್ದರು. ಚಿಲಿಯ ತೀರ ಇನ್ನೂ ಸುಮಾರು ಸಾವಿರ ಮೈಲಿ. ಬೆರಿಲ್ ಅವರು ಹಿಂತಿರುಗಿ ನೋಡಿದಾಗ ಗೋಡೆಯಂತೆ ಕಡಿದಾದ, ಎರಡು ಬದಿಗೂ ಕೊನೆ ಕಾಣದ ಅಲೆಯೊಂದು ಮೇಲೆದ್ದು ನಿಂತಿದ್ದಿತು. ಮರುಕ್ಷಣ ದೋಣಿಯ ಹಿಂಭಾಗ ಮೇಲೆದ್ದು, ಮೂತಿ ನೀರಿಗೆ ನಾಟಿ, 46 ಅಡಿಯ ಆ ಭಾರದ ನಾವೆ ಹುಡುಗರು ಲಾಗ ಹಾಕುವಂತೆ ತಲೆಕೆಳಗಾಗಿ ಮಗುಚಿತು.

ಮೈಲ್ಸ್ ಅವರು ಮೇಲೆ ಬಂದು ನೋಡಿದಾಗ ಹಾಯಿಕಂಬಗಳೆರಡೂ ಇಲ್ಲ, ಚುಕ್ಕಾಣಿ ಇಲ್ಲ, ಡೆಕ್ಕಿನ ಮೇಲಿದ್ದ ಮರದ ಗೂಡು ಬುಡಸಹಿತ ಕಿತ್ತುಹೋಗಿ, ಆ ಜಾಗದಲ್ಲಿ ಆರಡಿ ಚೌಕದ ತೂತು. ಹೆಂಡತಿಯೂ ಇಲ್ಲ. ಸೊಂಟಕ್ಕೆ ಕಟ್ಟಿದ್ದ ರಕ್ಷಣೆಯ ಹಗ್ಗ ತುಂಡಾಗಿ ಬೆರಿಲ್ ಅವರು ದೋಣಿಯಿಂದ ಕೆಲವು ಮಾರು ದೂರದಲ್ಲಿ ತೇಲುತ್ತಿದ್ದರು. ಮುರಿದು ತೇಲುತ್ತಿದ್ದ ಕಂಬದವರೆಗೆ ಈಜಿ, ಅದನ್ನು ಹಿಡಿದು ಬಳಿಗೆ ಬಂದರು. ಇಬ್ಬರೂ ಸೇರಿ ಅವರನ್ನು ಮೇಲಕ್ಕೆಳೆದರು. ತಲೆಗೆ ಗಾಯ, ಭುಜಕ್ಕೆ ಪೆಟ್ಟು.

ದೋಣಿಯೊಳಗೆ ಸೊಂಟದೆತ್ತರದ ನೀರು. ಹಾಸಿಗೆ, ಪುಸ್ತಕ, ಡಬ್ಬಿ, ಬಟ್ಟೆ ಎಲ್ಲವೂ ಅದರಲ್ಲಿ ತೇಲುತ್ತಿದ್ದುವು. ಇನ್ನು ಮುಗಿಯಿತೆಂದು ಮೈಲ್ಸ್ ಅವರಿಗೆ ಅನಿಸಿತಂತೆ. ಗಾಯಗೊಂಡ ಬೆರಿಲ್ ಅವರು ಮಾತ್ರ ಬಕೆಟ್ಟುಗಳಿರುವ ಜಾಗ ತನಗೆ ಗೊತ್ತೆಂದು ಹೇಳಿ ಇಳಿದು ಹೋಗಿ ತಂದರು. ಮನೆಯಲ್ಲಿ ಯಾವ ಸಾಮಾನು ಎಲ್ಲಿದೆ ಎಂಬುದು ಕತ್ತಲೆಯಲ್ಲಿಯೂ ಗೃಹಿಣಿಗೆ ತಿಳಿದಿರುತ್ತದಲ್ಲವೇ! ಇಬ್ಬರು ನೀರೆತ್ತತೊಡಗಿದರು. ಗಜ್‌ವೆಲ್ ಅವರು ತಮ್ಮ ಉಪಕರಣಗಳನ್ನು ನೀರಿನಲ್ಲಿ ತಡಕಿ ತೆಗೆದು, ಒಳಗಿನ ಬಾಗಿಲುಗಳನ್ನೂ ಹಲಗೆಗಳನ್ನೂ ಕಿತ್ತು, ಆ ದೊಡ್ಡ ತೂತಿನ ಮೇಲೆ ಮೊಳೆ ಹೊಡೆದು ಕೂಡಿಸಿ, ಹಾಯಿಬಟ್ಟೆ ಬಿಗಿದರು. ಇನ್ನೊಂದು ಅಂತಹ ಅಲೆ ಅಷ್ಟರೊಳಗೆ ಬಂದಿದ್ದರೆ ಈ ಕಥೆಯನ್ನು ಹೇಳಲು ಯಾರೂ ಉಳಿಯುತ್ತಿರಲಿಲ್ಲ. ಬರಲಿಲ್ಲ. ನೀರು ಕೂಡ ಹೊಸದಾಗಿ ಏರಲಿಲ್ಲ. ಹಾಂಗ್‌ಕಾಂಗಿನ ಬಡಗಿಗಳು ಜೋಡಿಸಿದ್ದ ತೇಗದ ಹಲಗೆಗಳಲ್ಲಿ ಒಂದೂ ಬಾಯಿ ಬಿಟ್ಟಿರಲಿಲ್ಲ.

ಮುಂದಿನ ದಿನಗಳಲ್ಲಿ ಗಜ್‌ವೆಲ್ ಅವರು ಅಳಿದುಳಿದ ಮರದಿಂದ ತಾತ್ಕಾಲಿಕ ಕಂಬವನ್ನು ಮಾಡಿದರು. ಚುಕ್ಕಾಣಿಗೆ ಬದಲು ಉದ್ದವಾದ ಹುಟ್ಟನ್ನು ಕೆತ್ತಿದರು. ಒಂದು ತಿಂಗಳಿಗೂ ಮಿಗಿಲಾಗಿ ತೆವಳುತ್ತ, ಮಾರ್ಚಿ ತಿಂಗಳಲ್ಲಿ ತ್ಸು ಹಾಂಗ್ ಚಿಲಿಯ ಕೊರೋನೆಲ್ ಬಂದರನ್ನು ಮುಟ್ಟಿತು. ಬೆಕ್ಕೂ ಕ್ಷೇಮವಾಗಿದ್ದಿತು.

ತಾಲ್ಕಾವಾನೋ ಎಂಬಲ್ಲಿ ಚಿಲಿಯ ನೌಕಾಪಡೆಯವರ ಸಹಾಯದಿಂದ ದೋಣಿ ದುರಸ್ತಿಯಾಯಿತು. ಗಜ್‌ವೆಲ್ ಅವರು ತಮ್ಮ ಟ್ರೆಕ್ಕಾಕ್ಕೆ ಹಿಂದಿರುಗಿ, 1959ರಲ್ಲಿ ಪ್ರದಕ್ಷಿಣೆ ಪೂರೈಸಿದರು. ದಂಪತಿಗಳು ಡಿಸೆಂಬರಿನಲ್ಲಿ ತಾವಿಬ್ಬರೇ ಮತ್ತೆ ಅದೇ ಹಾರ್ನಿನತ್ತ ಹೊರಟರು. ಧೈರ್ಯವೆನ್ನಬೇಕೋ ಹಟವೆನ್ನಬೇಕೋ ತಿಳಿಯದು. 26ರಂದು, ಕ್ರಿಸ್ಮಸ್ ಹಬ್ಬದ ಮರುದಿನ, ದೋಣಿ ಮತ್ತೆ ಉರುಳಿತು. ಕಂಬಗಳು ಮತ್ತೆ ಮುರಿದುವು. ಈ ಸಲ ಬಡಗಿಯೂ ಇರಲಿಲ್ಲ. ಐವತ್ತು ದಾಟಿದ್ದ ಇಬ್ಬರೂ ತಾವೇ ನೀರೆತ್ತಿ, ತಾವೇ ಮುರುಕು ಕಂಬ ನಿಲ್ಲಿಸಿ ವಾಲ್ಪರೈಸೋ ಬಂದರನ್ನು ಸೇರಿದರು. ಅಲ್ಲಿಂದ ತ್ಸು ಹಾಂಗ್ ದೊಡ್ಡ ಹಡಗಿನ ಮೇಲೆ ಸರಕಾಗಿ ಇಂಗ್ಲೆಂಡಿಗೆ ಹೋಯಿತು. ಮೈಲ್ಸ್ ಅವರು ಈ ಅನುಭವವನ್ನು ಬರೆದ ಪುಸ್ತಕ 1959ರಲ್ಲಿ ಪ್ರಕಟವಾಯಿತು. ಹೆಸರು, ಒಮ್ಮೆಗೇ ಸಾಕು ಎಂಬ ಅರ್ಥದ್ದು. ಎರಡು ಸಲ ಮಗುಚಿಕೊಂಡವರು ಇಟ್ಟ ಹೆಸರು!

ಅಷ್ಟಾದರೂ ದೋಣಿಯನ್ನು ಮಾರಲಿಲ್ಲ. ಮತ್ತೊಂದು ಹತ್ತು ವರ್ಷ ಅದರಲ್ಲಿಯೇ ಬಾಳಿದರು. ಮೆಡಿಟರೇನಿಯನ್, ಕೆಂಪು ಸಮುದ್ರ, ಹಿಂದೂ ಮಹಾಸಾಗರ, ಜಪಾನ್, ಮಂಜು ಮುಸುಕಿದ ಅಲ್ಯೂಷಿಯನ್ ದ್ವೀಪಗಳು - ಎಲ್ಲಿಗೆ ಹೋದರೂ ಮನೆ ಜೊತೆಗೇ. 1968ರ ಡಿಸೆಂಬರಿನಲ್ಲಿ, ಮೂರನೆಯ ಪ್ರಯತ್ನದಲ್ಲಿ, ಬೆಂಬಿಡದ ಆ ಹಾರ್ನ್ ಭೂಶಿರವನ್ನು ಹಾದರು. ಅದೂ ಗಾಳಿಗೆ ಎದುರಾಗಿ, ಪೂರ್ವದಿಂದ ಪಶ್ಚಿಮಕ್ಕೆ.

ಆ ಮೇಲೆ ದಂಪತಿಗಳು ನೆಲಕ್ಕೆ ಮರಳಿ, ಕೆನಡಾದ ಆಲ್ಬರ್ಟಾ ಪ್ರಾಂತದ ಕಾಕ್ರೇನ್ ಊರಿನ ಬಳಿ ಕಾಡುಪ್ರಾಣಿಗಳಿಗೆ ಆಶ್ರಯವನ್ನು ಏರ್ಪಡಿಸಿದರು. ಆ ದೇಶದ ಬಯಲುಗಳಿಂದ ಮಾಯವಾಗಿದ್ದ ಸಣ್ಣ ಜಾತಿಯ ನರಿಯನ್ನು ಅಲ್ಲಿ ಸಾಕಿ ಬೆಳೆಸಿ ಮತ್ತೆ ಬಯಲಿಗೆ ಬಿಡುವ ಕಾರ್ಯಕ್ಕೆ ಕೈಹಾಕಿದರು. ಮಗಳು ಕ್ಲಿಯೋ ಅದನ್ನು ಮುಂದುವರಿಸಿದರು. ಬೆರಿಲ್ 1979ರಲ್ಲಿ, ಮೈಲ್ಸ್ 1988ರಲ್ಲಿ ತೀರಿಕೊಂಡರು.

ತ್ಸು ಹಾಂಗ್ ಅಷ್ಟರಲ್ಲಿ ಬೇರೆ ಕೈಗಳನ್ನು ಸೇರಿದ್ದಿತು. ಕಡೆಗೆ ಮಾದಕ ಪದಾರ್ಥಗಳ ಕಳ್ಳಸಾಗಣೆಗೆ ಬಳಕೆಯಾಗಿ ಅಮೆರಿಕದ ಅಧಿಕಾರಿಗಳ ವಶವಾಯಿತು. ಹಾರ್ನಿನ ಅಲೆಗಳು ಎರಡು ಸಲ ಬುಡಮೇಲು ಮಾಡಿದರೂ ಬಾಯಿ ಬಿಡದ ಆ ತೇಗದ ಹಲಗೆಗಳನ್ನು ಪೋರ್ಟೊ ರಿಕೊ ದ್ವೀಪದಲ್ಲಿ ಬುಲ್‌ಡೋಜರ್ ಹಾಯಿಸಿ ಒಡೆದರು.